ಡಿಕ್ಕಿ ತೆರೆಸುವ ಮಹನೀಯರಿಗೆ ಬಿನ್ನವತ್ತಳೆ

ಮಾನ್ಯರೇ,

ತಲಪಾಡಿಯಿಂದ ತೊಡಗಿ ಹೊಸಂಗಡಿ, ಉಪ್ಪಳ, ಕುಂಬಳೆಗಳನ್ನು ಹಾದು ಕಾಸರಗೋಡು ಪೇಟೆಯವರೆಗೆ, ಅತ್ತ ಪೆರ್ಲ ದಾಟಿ ಸಾರಡ್ಕದವರೆಗೆ, ಇತ್ತ ಮುಳ್ಳೇರಿಯ ದಾಟಿ ಜಾಲ್ಸೂರಿನ ಹಾದಿಯುದ್ದಕ್ಕೂ, ಆಟಿಯ ಮಳೆಯೆನ್ನದೆ ಮೇ ತಿಂಗಳ ಸೆಕೆಯೆನ್ನದೆ ರಸ್ತೆಗೆ ಅಡ್ಡ ನಿಂತು, ಹೋಗಿಬರುವ ಪ್ರತಿಯೊಬ್ಬನ ಡಿಕ್ಕಿಯೊಳಗಿನ ಯೋಗಕ್ಷೇಮವನ್ನು ಟಾರ್ಚು ಹಾಕಿ ವಿಚಾರಿಸುವ ತಮ್ಮ ಸೇವೆಯನ್ನು ಈ ನಾಡು ಇಷ್ಟು ಕಾಲ ಗುರುತಿಸದೆ ಹೋದದ್ದು ನಮ್ಮ ಕೃತಘ್ನತೆಯಲ್ಲದೆ ಮತ್ತೇನೂ ಅಲ್ಲ. ಆ ಲೋಪವನ್ನು ಸರಿಪಡಿಸಲು, ಗಡಿನಾಡಿನ ಸಮಸ್ತ ಚಾಲಕರ ಪರವಾಗಿ, ಎಂಜಿನ್ ಆಫ್ ಮಾಡಿ ಕೆಳಗಿಳಿದು ನಿಂತು, ಈ ಬಿನ್ನವತ್ತಳೆಯನ್ನು ತಮ್ಮ ಪಾದಗಳಲ್ಲಿ ಅರ್ಪಿಸುತ್ತಿದ್ದೇವೆ.

ಈ ಸೀಮೆಯ ಹಿಂದಿನ ದುರವಸ್ಥೆಯನ್ನು ನೆನೆದರೆ ತಮ್ಮ ಉಪಕಾರದ ಎತ್ತರ ತಿಳಿಯುತ್ತದೆ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರುವ ಮುಂಚೆ ಮಂಗಳೂರಿನಿಂದ ಕಾಸರಗೋಡಿಗೆ ಹೊರಟವನು ದಕ್ಷಿಣ ಕನ್ನಡ ಜಿಲ್ಲೆಯೊಳಗೇ ಹೊರಟು ಅದೇ ಜಿಲ್ಲೆಯೊಳಗೆ ಇಳಿಯುತ್ತಿದ್ದ. ಅವನ ಗಂಟಿನಲ್ಲೇನಿದೆಯೆಂದು ತಲಪಾಡಿಯಲ್ಲಿ ನಿಲ್ಲಿಸಿ ಕೇಳುವಷ್ಟು ಅಂತಃಕರಣ ಯಾರಿಗೂ ಇರಲಿಲ್ಲ. ಇಂದು ಆ ಅನಾಥಸ್ಥಿತಿ ನೀಗಿದೆ. ಕೊಲ್ಲಂ ವರ್ಷ 1077ರಲ್ಲಿ ಕೊಚ್ಚಿಯ ಅರಸರು ತಮ್ಮ ಪ್ರಜೆಗಳಿಗೆಂದು ಮಾಡಿಕೊಂಡ ಅಬಕಾರಿ ಕಾಯ್ದೆಯೇ ಕಾಲಾಂತರದಲ್ಲಿ ಬೆಳೆದು, ಆ ಅರಸರು ಎಂದೂ ಆಳದ ಚಂದ್ರಗಿರಿ ಹೊಳೆಯ ಈಚೆ ದಡಕ್ಕೂ ಬಂದು, ಮಂಜೇಶ್ವರದಲ್ಲಿ ನಮ್ಮ ಚೀಲದ ಜಿಪ್ಪು ಎಳೆಯುತ್ತಿದೆಯೆಂದರೆ, ಒಂದು ಶಾಸನಕ್ಕೆ ಇದಕ್ಕಿಂತ ದೊಡ್ಡ ಆಯುಷ್ಯ ಬೇಕೆ! ಕರ್ನಾಟಕದ ಮದ್ಯದ ಪ್ಯಾಕೆಟ್ಟುಗಳು ಗುಡ್ಡ ತೋಟಗಳ ನಡುವಿನ ಒಳದಾರಿಗಳನ್ನು ಹಿಡಿಯುತ್ತವೆಂದು ಗಡಿಯ ಮಕ್ಕಳಿಗೂ ತಿಳಿದಿದೆ. ಆದರೂ ತಾವು ಹೆದ್ದಾರಿಯನ್ನೇ ನೆಚ್ಚಿ, ಮದುವೆಗೆ ಹೊರಟ ಸಂಸಾರದ ಹಲಸಿನ ಹಪ್ಪಳದ ಕಟ್ಟನ್ನು ಬಿಚ್ಚಿಸಿ ನೋಡುವುದುಂಟು. ಕಳ್ಳದಾರಿಯಲ್ಲಿ ಹೋಗುವವನ ಮಾನವನ್ನೂ ಕಾಯುವ ಈ ದಾಕ್ಷಿಣ್ಯ ಬೇರೆ ಇಲಾಖೆಗಳಲ್ಲಿ ಕಾಣದು.

ಶಾಸನದ ಬಡತನವನ್ನು ತಾವು ತುಂಬಿಕೊಟ್ಟ ಬಗೆಯಂತೂ ವರ್ಣನಾತೀತ. 1988ರ ಮೋಟಾರು ವಾಹನ ಕಾಯ್ದೆಯ 130ನೇ ಸೆಕ್ಷನ್ ಬಹಳ ಜಿಪುಣ ಮನಸ್ಸಿನದು. ಸಮವಸ್ತ್ರದಲ್ಲಿರುವ ಪೊಲೀಸರು ಕೇಳಿದರೆ ಚಾಲಕ ಲೈಸೆನ್ಸು ತೋರಿಸಬೇಕು ಎಂದು ಹೇಳುತ್ತದೆ, ಡಿಕ್ಕಿಯ ಮಾತನ್ನೇ ಎತ್ತುವುದಿಲ್ಲ. ಆ ಕೊರತೆಯನ್ನು ತಾವು ದೊಡ್ಡ ಮನಸ್ಸಿನಿಂದ ನೀಗಿಸಿ, "ಬುಕ್ಕುಂ ಪೇಪರುಂ" ಎಂದು ಆರಂಭಿಸಿದ ಸಂಭಾಷಣೆಯನ್ನು ಒಂದೇ ಉಸಿರಿನಲ್ಲಿ "ಡಿಕ್ಕಿ ತುರಕ್ಕ್" ಎಂಬಲ್ಲಿಗೆ ಮುಟ್ಟಿಸುತ್ತೀರಿ. ದಾಖಲೆಗಳು ಮೊಬೈಲಿನ ಡಿಜಿಲಾಕರಿನಲ್ಲಿದ್ದರೂ ಸಾಕೆಂದು ಕೇಂದ್ರ ಸರಕಾರ 2018ರಲ್ಲೇ ಹೇಳಿತ್ತು. ಆದರೆ ಕಾಗದದ ಘಮಲು ಮೊಬೈಲಿಗೆಲ್ಲಿ ಬರಬೇಕು ಎಂಬ ತಮ್ಮ ರಸಿಕತೆಯನ್ನು ನಾವು ಬಲ್ಲೆವು.

ಇನ್ನು ತಮ್ಮ ತರ್ಕಶಾಸ್ತ್ರ. ಯಾವನೋ ಅವಿವೇಕಿ, ಅದರಲ್ಲೂ ಕಾಲೇಜಿನಲ್ಲಿ ಕಾನೂನು ಓದುವ ಹುಡುಗ, "ಯಾಕೆ ಸಾರ್, ಯಾವ ಸಂಶಯದ ಮೇಲೆ?" ಎಂದು ಕೇಳಿದನೆನ್ನಿ. ತಾವು ಕೋಪಿಸಿಕೊಳ್ಳುವುದಿಲ್ಲ. "ಒಳಗೆ ಏನೂ ಇಲ್ಲದಿದ್ದರೆ ಹೆದರಿಕೆ ಯಾಕೆ?" ಎಂದು ಮರುಪ್ರಶ್ನೆ ಹಾಕುತ್ತೀರಿ. ನ್ಯಾಯಸೂತ್ರ ಬರೆದ ಗೌತಮನಿಗೂ ಹೊಳೆಯದ ಪ್ರಮಾಣವಿದು! ತೆರೆದರೆ ಅವನು ಒಪ್ಪಿದ ಹಾಗಾಯಿತು. ತೆರೆಯದಿದ್ದರೆ ಸಂಶಯ ಹುಟ್ಟಿತು, ಸಂಶಯ ಹುಟ್ಟಿದ ಮೇಲೆ ತೆರೆಯಲೇಬೇಕಾಯಿತು. ಯಾವ ಹಾದಿಯಿಂದ ಹೊರಟರೂ ಡಿಕ್ಕಿಯ ಮುಚ್ಚಳ ಮೇಲೇಳುತ್ತದೆ. ಶೋಧಕ್ಕೆ ಮುನ್ನ ಕಾರಣವನ್ನು ಬರೆದಿಡಬೇಕೆಂದು ಅಪರಾಧ ಪ್ರಕ್ರಿಯೆಯ ಸಂಹಿತೆಗಳು ತನಿಖಾಧಿಕಾರಿಗಳಿಗೆ ವಿಧಿಸಿದ್ದು ಇಂಥ ತರ್ಕ ಕೈವಶವಾಗದ ಸಾಮಾನ್ಯರಿಗಾಗಿಯೇ ಇರಬೇಕು. ತಮ್ಮಲ್ಲಿ ಕಾರಣವು ಶೋಧದ ನಂತರ, ಸಿಕ್ಕಿದ ವಸ್ತುವಿನೊಂದಿಗೇ, ಸಹಜವಾಗಿ ಹುಟ್ಟಿಕೊಳ್ಳುತ್ತದೆ. ಏನೂ ಸಿಗದಿದ್ದರೆ ಕಾರಣವೇ ಬೇಕಾಗುವುದಿಲ್ಲ, "ಪೋಯ್ಕೋ" ಎಂಬ ಒಂದು ಮಾತಿನಲ್ಲಿ ಎಲ್ಲ ಲೆಕ್ಕವೂ ಚುಕ್ತಾ.

ಮಾದಕವಸ್ತು ಕಾಯ್ದೆಯ 50ನೇ ಸೆಕ್ಷನ್ನಿನ ವಿಷಯದಲ್ಲಿ ತಾವು ತೋರುವ ಕರುಣೆಯನ್ನು ವಿಶೇಷವಾಗಿ ಸ್ಮರಿಸಬೇಕು. ಒಬ್ಬನ ಮೈ ತಡಕುವ ಮುನ್ನ, ಗೆಜೆಟೆಡ್ ಅಧಿಕಾರಿಯ ಅಥವಾ ಮ್ಯಾಜಿಸ್ಟ್ರೇಟರ ಎದುರಿನಲ್ಲಿ ತಡಕಿಸಿಕೊಳ್ಳುವ ಹಕ್ಕು ಅವನಿಗಿದೆಯೆಂದು ಅವನಿಗೇ ತಿಳಿಸಬೇಕೆಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 1999ರಲ್ಲಿ ಹೇಳಿತು. 2010ರಲ್ಲಿ ಇನ್ನೊಂದು ಪೀಠ, ಹೆಚ್ಚುಕಡಿಮೆ ಪಾಲಿಸಿದರೆ ಸಾಲದು, ಕಟ್ಟುನಿಟ್ಟಾಗಿ ಪಾಲಿಸಬೇಕೆಂದಿತು. ಆದರೆ ರಾತ್ರಿ ಎರಡು ಗಂಟೆಗೆ ಯಕ್ಷಗಾನದ ಆಟ ಮುಗಿಸಿ ಕಿರೀಟದ ಪೆಟ್ಟಿಗೆಯೊಂದಿಗೆ ಊರಿಗೆ ಮರಳುವ ವೇಷಧಾರಿಗೆ, ಮುಖದ ಬಣ್ಣವೇ ಪೂರ್ತಿ ಹೋಗಿರದ ಹೊತ್ತಿನಲ್ಲಿ, ಹಕ್ಕು ಬಾಧ್ಯತೆಗಳ ಭಾರವನ್ನೂ ಹೊರಿಸುವುದೆಂದರೆ ಯಾವ ನ್ಯಾಯ? ಮಲಗಿದ ಮ್ಯಾಜಿಸ್ಟ್ರೇಟರ ನಿದ್ದೆಯನ್ನೂ ನೋಡಬೇಕಲ್ಲ. ಹೀಗೆ ಇಬ್ಬರ ನೆಮ್ಮದಿಯನ್ನೂ ಗಮನದಲ್ಲಿಟ್ಟುಕೊಂಡು ತಾವು ಆ ಮಾತನ್ನು ನುಂಗಿಕೊಳ್ಳುತ್ತೀರಿ. ಮೈಗೆ ಇರುವ ಈ ಹಕ್ಕು ಚೀಲಕ್ಕಿಲ್ಲವೆಂದು 2005ರ ತೀರ್ಪೊಂದು ಹೇಳಿದೆಯೆಂಬುದನ್ನು ಮಾತ್ರ ತಾವು ಎಂದೂ ಮರೆತದ್ದಿಲ್ಲ. ತೀರ್ಪುಗಳಲ್ಲಿ ಸಾರವಾದುದನ್ನು ಹಿಡಿದು ನಿಸ್ಸಾರವನ್ನು ಬಿಡುವ ಹಂಸಕ್ಷೀರನ್ಯಾಯ ತಮಗೆ ಸಿದ್ಧಿಸಿದೆ.

ಮಹಜರಿನ ಪ್ರಸಂಗವನ್ನು ಹೇಳದಿದ್ದರೆ ಈ ಬಿನ್ನವತ್ತಳೆ ಅಪೂರ್ಣ. ಕೇರಳದ 1969ರ ಆಡಳಿತ ಭಾಷಾ ಕಾಯ್ದೆ ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರು ತಮ್ಮ ಪ್ರದೇಶದ ಸರಕಾರಿ ಕಚೇರಿಗಳೊಡನೆ ತಮ್ಮ ಭಾಷೆಯಲ್ಲೇ ವ್ಯವಹರಿಸಬಹುದು, ಉತ್ತರವನ್ನೂ ಅದೇ ಭಾಷೆಯಲ್ಲಿ ಪಡೆಯಬಹುದು ಎಂದು ಮಾತು ಕೊಟ್ಟಿತ್ತು. ಬರವಣಿಗೆಯ ಭಾಷೆಯನ್ನು ಓದಬಲ್ಲವನು ಅದರಲ್ಲಿ ತಪ್ಪು ಹುಡುಕುತ್ತಾನೆ, ತಪ್ಪು ಹುಡುಕುವವನು ರುಜು ಹಾಕಲು ತಡಮಾಡುತ್ತಾನೆ, ತಡವಾದಷ್ಟೂ ಹಿಂದಿನ ವಾಹನಗಳ ಸಾಲು ಬೆಳೆಯುತ್ತದೆ ಎಂಬ ದೂರದೃಷ್ಟಿಯಿಂದ ತಾವು ಮಲಯಾಳದಲ್ಲಿ ಬರೆದು, ಜೀಪಿನ ಬಾನೆಟ್ಟಿನ ಮೇಲೆ ಹಾಸಿ, ರುಜು ಹಾಕಬೇಕಾದ ಜಾಗವನ್ನು ಮಾತ್ರ ಬೆರಳಿಟ್ಟು ತೋರಿಸುತ್ತೀರಿ. ಎಣ್ಮಕಜೆಯ ಅಡಿಕೆ ಕೃಷಿಕ ಹೀಗೆ, ತನ್ನ ಕಾರಿನಲ್ಲಿ ಏನು ಸಿಕ್ಕಿತು, ಯಾರ ಎದುರು ಸಿಕ್ಕಿತು, ತಾನು ಏನೆಂದು ಒಪ್ಪಿಕೊಂಡೆ ಎಂಬುದೊಂದನ್ನೂ ತಿಳಿಯುವ ತೊಂದರೆಯಿಲ್ಲದೆ, ಕನ್ನಡದಲ್ಲಿ ರುಜು ಮಾಡಿ ಹಗುರಾಗುತ್ತಾನೆ. ಅವನ ರುಜುವಿನ ಕನ್ನಡಕ್ಕೆ ತಾವು ಇಂದಿನವರೆಗೆ ಆಕ್ಷೇಪವೆತ್ತಿಲ್ಲವೆಂಬುದು ಭಾಷಾಸೌಹಾರ್ದಕ್ಕೆ ಸಾಕ್ಷಿ. ಸ್ವತಂತ್ರ ಸಾಕ್ಷಿಗಳ ಕೊರತೆಯೂ ತಮಗೆ ಬಂದದ್ದಿಲ್ಲ. ಹತ್ತಿರದ ಗೂಡಂಗಡಿಯವನು ಇದ್ದೇ ಇರುತ್ತಾನೆ.

2024ರ ಜುಲೈ 1ರಿಂದ ಜಾರಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯು ಶೋಧವನ್ನು ವಿಡಿಯೊ ಮಾಡಿಡಬೇಕೆನ್ನುತ್ತದೆ. ಅದಕ್ಕೂ ಹಿಂದೆಯೇ, 2011ರ ಕೇರಳ ಪೊಲೀಸ್ ಕಾಯ್ದೆಯ 33ನೇ ಸೆಕ್ಷನ್, ಸಾರ್ವಜನಿಕರು ಪೊಲೀಸರ ಕಾರ್ಯವನ್ನು ಕಾನೂನುಬದ್ಧವಾಗಿ ಚಿತ್ರೀಕರಿಸಿದರೆ ತಡೆಯಬಾರದೆಂದಿತ್ತು. ಪ್ರಚಾರವನ್ನೊಲ್ಲದ ಸಾಧುಸ್ವಭಾವದಿಂದ ತಾವು ಮೊಬೈಲನ್ನು ಕೆಳಗಿಳಿಸಲು ಹೇಳುತ್ತೀರಿ. ಒಳ್ಳೆಯ ಕೆಲಸವನ್ನು ಎಡಗೈಗೂ ತಿಳಿಯದಂತೆ ಮಾಡಬೇಕೆಂಬುದನ್ನು ತಮ್ಮಿಂದ ಕಲಿಯಬೇಕು.

ನಿಲ್ಲದೆ ಹೋದವನ ಮೇಲೂ ತಮ್ಮ ವಾತ್ಸಲ್ಯ ಕುಂದುವುದಿಲ್ಲ. ಹೆಲ್ಮೆಟ್ ಹಾಕದ ಸವಾರರನ್ನು ಬೆನ್ನಟ್ಟಿ ಹಿಡಿಯಬಾರದೆಂದು ಕೇರಳ ಹೈಕೋರ್ಟ್ 2019ರ ನವೆಂಬರಿನಲ್ಲಿ ಹೇಳಿದ ಮೇಲೂ ಉತ್ಸಾಹ ತಗ್ಗಲಿಲ್ಲ. 2023ರ ಆಗಸ್ಟಿನಲ್ಲಿ ಕುಂಬಳೆಯ ಬಳಿ, ಪೊಲೀಸ್ ಜೀಪಿಗೆ ಬೆದರಿ ಓಡಿದ ವಿದ್ಯಾರ್ಥಿಗಳ ಕಾರನ್ನು ಬೆನ್ನಟ್ಟಲಾಯಿತು, ಕಾರು ಮಗುಚಿತು, ಹದಿನೇಳರ ಹುಡುಗನೊಬ್ಬ ಮಂಗಳೂರಿನ ಆಸ್ಪತ್ರೆಯಲ್ಲಿ ತೀರಿಕೊಂಡ. ಇಲಾಖೆ ವರ್ಗಾವಣೆಯ ಆದೇಶಕ್ಕೆ ರುಜು ಹಾಕಿ ತನ್ನ ಗಾಂಭೀರ್ಯವನ್ನು ಕಾಯ್ದುಕೊಂಡಿತು. ಮರುವರ್ಷದ ಅಕ್ಟೋಬರಿನಲ್ಲಿ ಕಾಸರಗೋಡಿನ ಆಟೋ ಚಾಲಕನೊಬ್ಬ, ವಶಪಡಿಸಿಕೊಂಡ ತನ್ನ ರಿಕ್ಷಾವನ್ನು ಬಿಟ್ಟುಕೊಡಿರೆಂದು ದಿನಗಟ್ಟಲೆ ಬೇಡಿ, ಕೊನೆಗೆ ಬೇಡುವುದನ್ನೂ ಬದುಕುವುದನ್ನೂ ನಿಲ್ಲಿಸಿದ. ಅಲ್ಲಿಯವರೆಗೆ ರಿಕ್ಷಾ ಠಾಣೆಯ ವಶದಲ್ಲಿ ಅತ್ಯಂತ ಸುರಕ್ಷಿತವಾಗಿತ್ತು.

ಚಾಲಕನಿಗೆ ನಿರಾಕರಿಸುವ ಹಕ್ಕಿದೆಯೆಂದು ಕೆಲವು ವಕೀಲರು ಸಭೆಗಳಲ್ಲಿ ಹೇಳುತ್ತಾರೆ. ನಿರಾಕರಿಸುವ ಹಕ್ಕು ನಿಜವಾಗಿ ಯಾರದೆಂದು ಅವರು 2020ರ ಮಾರ್ಚಿನಲ್ಲಿ, ಕೋವಿಡ್ ಲಾಕ್‌ಡೌನಿನ ಹೊತ್ತಿನಲ್ಲಿ, ತಲಪಾಡಿಗೆ ಬಂದು ನೋಡಬೇಕಿತ್ತು. ಆಗ ಗಡಿಯ ಆಚೆ ಬದಿಯ ತಮ್ಮ ಸಹೋದ್ಯೋಗಿಗಳು, ರಸ್ತೆಗಳಿಗೆ ಮಣ್ಣು ಸುರಿದ ಕರ್ನಾಟಕ ಸರಕಾರದ ಪರವಾಗಿ, ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ಮಂಜೇಶ್ವರದ ರೋಗಿಗಳನ್ನು ಆಂಬುಲೆನ್ಸಿನ ಸಮೇತ ನಿರಾಕರಿಸಿದರು. ಕೇರಳ ಹೈಕೋರ್ಟ್ ಏಪ್ರಿಲ್ 1ರಂದು ದಾರಿ ಬಿಡಿಸಿರೆಂದು ಕೇಂದ್ರಕ್ಕೆ ಆದೇಶಿಸಿದ ಮೇಲೂ ಕದಲಲಿಲ್ಲ. ವಿಷಯ ಸುಪ್ರೀಂ ಕೋರ್ಟಿಗೆ ಹೋಗಿ ರೋಗಿಗಳಿಗೊಂದು ವ್ಯವಸ್ಥೆಯಾಗುವ ಹೊತ್ತಿಗೆ ಹಲವರು ಆಸ್ಪತ್ರೆಯ ಅಗತ್ಯವನ್ನೇ ಮೀರಿ ಹೋಗಿದ್ದರು. ಎರಡು ರಾಜ್ಯಗಳ ನಡುವೆ ನೀರು, ಭಾಷೆ, ಗಡಿ ಯಾವುದರಲ್ಲೂ ಕಾಣದ ಏಕಮನಸ್ಸು ಬ್ಯಾರಿಕೇಡಿನಲ್ಲಿ ಮಾತ್ರ ಕಾಣುತ್ತದೆ.

ಆದ್ದರಿಂದ ನಮ್ಮದೊಂದು ವಿಜ್ಞಾಪನೆ. ಕನ್ನಡ ರಾಜ್ಯೋತ್ಸವವೂ ಕೇರಳ ಪಿರವಿಯೂ ಒಂದೇ ದಿನ, ನವೆಂಬರ್ 1. ಬರುವ ವರ್ಷ ಆ ದಿನ ತಲಪಾಡಿಯಲ್ಲಿ ಎರಡೂ ಕಡೆಯ ಮಹನೀಯರನ್ನು ಒಂದೇ ವೇದಿಕೆಗೆ ಕರೆದು ಶಾಲು, ಹಾರ, ಫಲತಾಂಬೂಲಗಳೊಂದಿಗೆ ಸನ್ಮಾನಿಸಬೇಕೆಂದು ತೀರ್ಮಾನಿಸಿದ್ದೇವೆ. ಹಾರ ಮಂಗಳೂರಿನಿಂದ ಬರಲಿದೆ, ಹಣ್ಣಿನ ಬುಟ್ಟಿ ಕಾಸರಗೋಡಿನಿಂದ. ಹಾರ ತರುವವರೂ ಬುಟ್ಟಿ ತರುವವರೂ ಬೆಳಗಿನ ಜಾವವೇ ಹೊರಟು ಸಹಕರಿಸಬೇಕು. ಬುಟ್ಟಿಯ ಬಾಯಿಯನ್ನು ಹೊಲಿಯದೆ ತೆರೆದೇ ಇಟ್ಟುಕೊಂಡಿರಬೇಕು, ಮತ್ತು ಅದರೊಳಗೆ ಏನಿದೆಯೆಂದು ಕೇಳಿದರೆ ಮಲಯಾಳದಲ್ಲಿ ಹೇಳಲು ಒಬ್ಬರನ್ನು ಜೊತೆಗೆ ಕರೆತರಬೇಕು.

ಇಂತೀ ತಮ್ಮ ವಿಧೇಯ,
ಗಡಿನಾಡಿನ ಚಾಲಕ ವೃಂದ