ಲಿನಕ್ಸ್ ಭಾವ

ಬೆಂಗಳೂರಿನ ಮಧ್ಯಮವರ್ಗದ ಪ್ರತಿ ಬಳಗದಲ್ಲೂ ಈಗ ಒಬ್ಬ ಲಿನಕ್ಸ್ ಭಾವ ಇದ್ದಾರೆ. ಭಾವನೇ ಆಗಿರಬೇಕೆಂದಿಲ್ಲ. ಕೆಲವು ಮನೆಗಳಲ್ಲಿ ಚಿಕ್ಕಪ್ಪ, ಕೆಲವು ಮನೆಗಳಲ್ಲಿ ಸೋದರಮಾವ, ಅಪಾರ್ಟ್‌ಮೆಂಟುಗಳಲ್ಲಾದರೆ ಮೂರನೇ ಮಹಡಿಯ ಅಂಕಲ್. ನಮಗೆ ಅಕ್ಕನ ಗಂಡನ ರೂಪದಲ್ಲಿ ಒದಗಿದ್ದಾರೆ.

ಗುರುತು ಹಿಡಿಯುವುದು ಕಷ್ಟವಲ್ಲ. ಲ್ಯಾಪ್‌ಟಾಪನ್ನು ತೆರೆದ ಮುಚ್ಚಳದ ಸಮೇತ ರೂಮಿನಿಂದ ಹಾಲಿಗೆ, ಹಾಲಿನಿಂದ ಅಡುಗೆಮನೆಗೆ ಎತ್ತಿಕೊಂಡು ಓಡಾಡುತ್ತಿದ್ದರೆ ಅವರೇ. ಮುಚ್ಚಿದರೆ ಅದು ನಿದ್ದೆ ಹೋಗುತ್ತದೆ. ಒಮ್ಮೆ ನಿದ್ದೆ ಹೋದರೆ ಏಳುವ ಅಭ್ಯಾಸ ಅದಕ್ಕಿಲ್ಲ. ಬ್ಯಾಟರಿ ಇದೆ, ತೂಕಕ್ಕೆ. ಹಿಂದೆ ಚಾರ್ಜರಿನ ವೈರು, ಪಕ್ಕದಲ್ಲಿ ಫೋನಿಗೆ ಕಟ್ಟಿದ ಇನ್ನೊಂದು ವೈರು. ಮನೆಯಲ್ಲಿ ವೈಫೈ ಇರುವಾಗ ಫೋನಿನ ಇಂಟರ್‌ನೆಟ್ ಯಾಕೆ ಅಂತ ಹೊಸಬರು ಯಾರಾದರೂ ಕೇಳಿಯೇ ಕೇಳುತ್ತಾರೆ.

"ವೈಫೈನೂ ಬರುತ್ತೆ. ಆ ಚಿಪ್ಪಿಗೆ ಒಂದು ಫರ್ಮ್‌ವೇರ್ ಹಾಕ್ಬೇಕು, ಅಷ್ಟೆ."

"ಮತ್ತೆ ಹಾಕ್ಬಹುದಲ್ಲ?"

"ಹಾಕ್ಬಹುದು. ಅದನ್ನ ಡೌನ್‌ಲೋಡ್ ಮಾಡೋಕೆ ಇಂಟರ್‌ನೆಟ್ ಬೇಕು."

ಈ ಲ್ಯಾಪ್‌ಟಾಪ್ ಸಿಕ್ಕಿದ್ದು ಎಸ್.ಪಿ. ರೋಡಿನಲ್ಲಿ. ಕೋರ್ 2 ಡುಯೊ, ಟಿ5750 ಪ್ರೊಸೆಸರ್, 4 ಜಿಬಿ ರ‍್ಯಾಮ್. "ಕಣ್ಮುಚ್ಚಿಕೊಂಡು ತಗೊಳ್ಳಿ ಸಾರ್" ಅಂದಿದ್ದನಂತೆ ಅಂಗಡಿಯವನು. ಭಾವ ಅವನ ಮಾತನ್ನು ಅಕ್ಷರಶಃ ಪಾಲಿಸಿದರು. ಮನೆಗೆ ತಂದು, ಇದ್ದ ವಿಂಡೋಸನ್ನು ಒರೆಸಿ ಲಿನಕ್ಸ್ ಹಾಕಿ, ಅವರು ಕೊಟ್ಟ ಮೊದಲ ಆಜ್ಞೆ ಪ್ರೊಸೆಸರಿನ ಗುಣಲಕ್ಷಣಗಳ ಪಟ್ಟಿಯಲ್ಲಿ 'ವಿಎಂಎಕ್ಸ್' ಎಂಬ ಮೂರು ಇಂಗ್ಲಿಷ್ ಅಕ್ಷರ ಎಷ್ಟು ಸಲ ಬಂದಿದೆ ಎಂದು ಎಣಿಸುವುದು. ಬಂದ ಉತ್ತರ: ಸೊನ್ನೆ.

ಆ ಸೊನ್ನೆಯ ಅರ್ಥ ಇಷ್ಟು. ಒಂದು ಕಂಪ್ಯೂಟರಿನ ಹೊಟ್ಟೆಯಲ್ಲಿ ಇನ್ನೊಂದು ಕಂಪ್ಯೂಟರು ಇದೆ ಎಂದು ನಂಬಿಸಿ, ಅದರಲ್ಲಿ ಬೇರೆಯದೇ ಆಪರೇಟಿಂಗ್ ಸಿಸ್ಟಂ ಓಡಿಸುವುದಕ್ಕೆ ವರ್ಚುವಲ್ ಮಷೀನ್ ಅನ್ನುತ್ತಾರೆ; ಆಡುಮಾತಿನಲ್ಲಿ ವಿಎಂ. ಇದು ಚುರುಕಾಗಿ ಓಡಬೇಕಾದರೆ ಪ್ರೊಸೆಸರ್ ಒಳಗೇ ಅದಕ್ಕೆ ಅನುಕೂಲ ಇರಬೇಕು. ಇಂಟೆಲ್ 2005ರ ಕೊನೆಯಲ್ಲಿ ವಿಟಿ-ಎಕ್ಸ್ ಎಂಬ ಹೆಸರಿನಲ್ಲಿ ಆ ಅನುಕೂಲ ತಂದಿತು, ಮರುವರ್ಷ ಎಎಂಡಿಯೂ ತಂದಿತು. ಆದರೆ ಇಂಟೆಲ್ ಅದನ್ನು ಎಲ್ಲ ಚಿಪ್ಪುಗಳಿಗೂ ಹಂಚಲಿಲ್ಲ. ಮೊದಲು ಬಂದ ಟಿ5600ರಲ್ಲಿ ಇದೆ, ಆಮೇಲೆ ಬಂದ ಟಿ5750ರಲ್ಲಿ ಇಲ್ಲ. "ನಂಬರ್ ದೊಡ್ಡದು ಅಂತ ನಂಬ್ಬಾರ್ದು ಕಣೋ" ಅಂತ ಭಾವ ನನಗೆ ಬುದ್ಧಿ ಹೇಳುತ್ತಾರೆ, ನಾನೇ ಆ ಲ್ಯಾಪ್‌ಟಾಪ್ ತಂದುಕೊಟ್ಟವನೇನೋ ಎಂಬ ಧಾಟಿಯಲ್ಲಿ.

ಬೇರೆ ಯಾರಾದರೂ ಆಗಿದ್ದರೆ ಮರುದಿನವೇ ಎಸ್.ಪಿ. ರೋಡಿಗೆ ಹೋಗಿ ಜಗಳ ಆಡಿ ಬದಲಾಯಿಸಿಕೊಂಡು ಬರುತ್ತಿದ್ದರು. ಭಾವ ಮೊದಲು ಬಯೋಸ್ ಹೊಕ್ಕು ಹುಡುಕಿದರು. ಎಷ್ಟೋ ಲ್ಯಾಪ್‌ಟಾಪುಗಳಲ್ಲಿ ಈ ಸೌಲಭ್ಯವನ್ನು ತಯಾರಕರೇ ಅಲ್ಲಿ ಆಫ್ ಮಾಡಿ ಕಳಿಸಿರುತ್ತಾರೆ. ಆನ್ ಮಾಡಿ, ಬರೀ ರೀಸ್ಟಾರ್ಟ್ ಅಲ್ಲ, ಪೂರ್ತಿ ಆಫ್ ಮಾಡಿ ಮತ್ತೆ ಹಾಕಿದರೆ ಸಾಕು. ಬಳಗದ ಎಷ್ಟೋ ಜನರ ಲ್ಯಾಪ್‌ಟಾಪಿಗೆ ಭಾವ ಈ ಉಪಕಾರ ಮಾಡಿದ್ದಾರೆ, ಅವರು ಕೇಳದಿದ್ದರೂ. ತಮ್ಮದರಲ್ಲಿ ಮಾತ್ರ ಆನ್ ಮಾಡಲು ಏನೂ ಇರಲಿಲ್ಲ. ಆವತ್ತು ರಾತ್ರಿ ಅವರು ತುಂಬ ಉಲ್ಲಾಸದಿಂದ ಊಟ ಮಾಡಿದರು ಎಂದು ಅಕ್ಕ ಈಗಲೂ ನೆನೆಸಿಕೊಳ್ಳುತ್ತಾಳೆ.

ಭಾವನ ಪಕ್ಕ ಮದುವೆ ಊಟಕ್ಕೆ ಕೂತವರಿಗೆ ವರ್ಚುವಲೈಸೇಶನ್ನಿನ ಇತಿಹಾಸ ಪುಕ್ಕಟೆ. ಕೋಸಂಬರಿ ಬೀಳುವ ಹೊತ್ತಿಗೆ 1974. ಯಾವ ಯಂತ್ರದಲ್ಲಿ ವಿಎಂ ಸರಿಯಾಗಿ ಓಡೀತು ಎಂದು ಪೋಪೆಕ್ ಮತ್ತು ಗೋಲ್ಡ್‌ಬರ್ಗ್ ಎಂಬಿಬ್ಬರು ನಿಯಮ ಬರೆದ ವರ್ಷ. ಹುಳಿಗೆ ಬಂದರೆ ಇಂಟೆಲಿನ ಹಳೆಯ ಪ್ರೊಸೆಸರುಗಳು ಆ ನಿಯಮ ಮುರಿದ ಕಥೆ. ಪೆಂಟಿಯಂನಲ್ಲಿ ಅಂಥ ತಂಟೆಯ ಆಜ್ಞೆಗಳು 17 ಇವೆ ಎಂದು 2000ದಲ್ಲಿ ಇಬ್ಬರು ಸಂಶೋಧಕರು ಪಟ್ಟಿ ಮಾಡಿದರು. "ಅವುಗಳಲ್ಲಿ ಕೆಲವು ಹೇಗೆ ಗೊತ್ತಾ? ಅಧಿಕಾರ ಇಲ್ಲದವನು ಕೇಳಿದ್ರೆ ಕೆಲಸನೂ ಮಾಡಲ್ಲ, ಮಾಡಲ್ಲ ಅಂತ ಹೇಳೋದೂ ಇಲ್ಲ. ಸುಮ್ನೆ ಇದ್ಬಿಡ್ತವೆ." ಪಕ್ಕದವರು ಸರ್ಕಾರಿ ನೌಕರರಾಗಿದ್ದರೆ ಇಲ್ಲಿ ಒಮ್ಮೆ ಕೆಮ್ಮುತ್ತಾರೆ. ಹೋಳಿಗೆಗೆ ತುಪ್ಪ ಬೀಳುವಾಗ 1999. ವಿಎಂವೇರ್ ಕಂಪನಿಯವರು ಆ ಆಜ್ಞೆಗಳನ್ನು ಓಡುವ ಮುಂಚೆಯೇ ತಿದ್ದಿ ಬರೆಯುವ ಉಪಾಯದಿಂದ ಮೊದಲ ಸರಕು ಮಾರಿದರು. ಮಜ್ಜಿಗೆ ಅನ್ನಕ್ಕೆ ಸರಿಯಾಗಿ 2007ರ ಫೆಬ್ರವರಿ, ಲಿನಕ್ಸಿನ 2.6.20ನೇ ಆವೃತ್ತಿಯಲ್ಲಿ ವಿಎಂ ಓಡಿಸುವ ಕೆವಿಎಂ ಸೇರ್ಪಡೆ. ಈಗ ಜಗತ್ತಿನ ದೊಡ್ಡ ದೊಡ್ಡ ಕ್ಲೌಡುಗಳು ಅದರ ಮೇಲೆ ನಿಂತಿವೆ. ಇಷ್ಟು ಹೊತ್ತಿಗೆ ಪಕ್ಕದವರು ಕೈ ತೊಳೆಯಲು ಎದ್ದಿರುತ್ತಾರೆ. ಇಂಟೆಲ್ ಚಿಪ್ಪಿನಲ್ಲಿ ಕೆವಿಎಂ ಓಡಲು ಆ ವಿಟಿ-ಎಕ್ಸ್ ಇರಲೇಬೇಕು, ಅದು ತಮ್ಮ ಲ್ಯಾಪ್‌ಟಾಪಿನಲ್ಲಿಲ್ಲ ಎಂಬ ಮುಖ್ಯ ಭಾಗವನ್ನು ಭಾವ ನಲ್ಲಿಯ ಹತ್ತಿರ ಹೇಳುತ್ತಾರೆ.

ಹಾಗಾದರೆ ಅವರ ವಿಎಂಗಳು ಹೇಗೆ ಓಡುತ್ತವೆ? ಎರಡು ದಾರಿ. ಒಂದು, ಹಳೆಯ ವರ್ಚುವಲ್‌ಬಾಕ್ಸ್. ಪ್ರೊಸೆಸರಿನ ನೆರವಿಲ್ಲದೆ ಓಡಿಸುವ ವ್ಯವಸ್ಥೆಯನ್ನು 2019ರ ಡಿಸೆಂಬರಿನಲ್ಲಿ ಬಂದ 6.1ರಲ್ಲಿ ಕಿತ್ತುಹಾಕಿದರು. ಭಾವ ಅದಕ್ಕೂ ಹಿಂದಿನದನ್ನು ಇಟ್ಟುಕೊಂಡು, ಅಪ್‌ಡೇಟ್ ಅಂತ ಬಂದ ಕೂಡಲೇ ಬಾಗಿಲು ಹಾಕುತ್ತಾರೆ. ಅದರಲ್ಲಿ 32 ಬಿಟ್ಟಿನ ವಿಂಡೋಸ್ ಮಾತ್ರ ಓಡುತ್ತದೆ, 64 ಬಿಟ್ಟಿನದಕ್ಕೆ ಜಪ್ಪಯ್ಯ ಅನ್ನುವುದಿಲ್ಲ. ಎರಡನೆಯದು ಫ್ರೆಂಚ್ ಪ್ರೋಗ್ರಾಮರ್ ಫ್ಯಾಬ್ರಿಸ್ ಬೆಲ್ಲಾರ್ಡ್ ಶುರುಮಾಡಿದ ಕ್ಯೂಎಮು. ಅದು ಏನನ್ನು ಕೊಟ್ಟರೂ ಬೇಡ ಅನ್ನುವುದಿಲ್ಲ. ಒಳಗಿನ ಆಜ್ಞೆಗಳನ್ನೆಲ್ಲ ಓದಿ, ಹೊರಗಿನ ಪ್ರೊಸೆಸರಿಗೆ ತಿಳಿಯುವ ಹಾಗೆ ಅನುವಾದಿಸಿ, ಆಮೇಲೆ ಓಡಿಸುತ್ತದೆ. ಎಷ್ಟು ನಿಧಾನ ಅಂದರೆ, ಅಕ್ಕ ಅದನ್ನು ಕುಕ್ಕರ್ ಸೀಟಿಯಲ್ಲಿ ಅಳೆಯುತ್ತಾಳೆ. ವಿಂಡೋಸಿನ ಚಿತ್ರ ಕಾಣುವ ಹೊತ್ತಿಗೆ ಅನ್ನ, ಸ್ಟಾರ್ಟ್ ಬಟನ್ ಒತ್ತಿದ್ದು ಅದಕ್ಕೆ ತಿಳಿಯುವ ಹೊತ್ತಿಗೆ ಬೇಳೆ. ಈ ಅವಧಿಯಲ್ಲಿ ಲ್ಯಾಪ್‌ಟಾಪಿನ ಫ್ಯಾನು ಭರ್ರೆಂದು ತಿರುಗಿ ಎಡಪಕ್ಕದ ಕಿಂಡಿಯಿಂದ ಬಿಸಿಗಾಳಿ ಉಗುಳುತ್ತದೆ. ಡಿಸೆಂಬರಿನ ಚಳಿಯಲ್ಲಿ ಹಿಟ್ಟು ಹುಳಿ ಬರುವುದಿಲ್ಲವೆಂದು ಅಕ್ಕ ದೋಸೆಹಿಟ್ಟಿನ ಪಾತ್ರೆಯನ್ನು ಆ ಕಿಂಡಿಯ ಮುಂದೆ ಇಡುತ್ತಾಳೆ. ಆ ಲ್ಯಾಪ್‌ಟಾಪು ಸಂಸಾರಕ್ಕೆ ದಿನನಿತ್ಯ ಮಾಡುವ ಸೇವೆ ಅದೊಂದೇ.

ಇನ್ನು ರ‍್ಯಾಮಿನ ಸಂಗತಿ. ಇಪ್ಪತ್ತು–ಮೂವತ್ತರ ಸೈಟಿನಲ್ಲಿ ಮೂರಂತಸ್ತು ಎಬ್ಬಿಸಿ, ಪ್ರತಿ ಅಂತಸ್ತನ್ನೂ ಎರಡು ಮಾಡಿ, ಮೆಟ್ಟಿಲ ಕೆಳಗೂ ಒಬ್ಬ ಬ್ಯಾಚುಲರನ್ನು ಕೂರಿಸುವ ನಮ್ಮ ಬೆಂಗಳೂರಿನ ಓನರು ಹೇಗೋ, 4 ಜಿಬಿಯ ಯಜಮಾನರಾದ ಭಾವನೂ ಹಾಗೆ. ಎಕ್ಸ್‌ಪಿಗೆ 512 ಎಂಬಿ, ವಿಂಡೋಸ್ 7ಕ್ಕೆ ಒಂದು ಜಿಬಿ, ವಿಂಡೋಸ್ 10ಕ್ಕೆ ಇನ್ನೊಂದು. ಓನರಿಗೆ ಉಳಿದ ಜಾಗದಲ್ಲಿ ಅವರ ಸ್ವಂತ ಲಿನಕ್ಸ್ ಕಾಲು ಮಡಚಿಕೊಂಡು ಮಲಗುತ್ತದೆ. ಎಲ್ಲರೂ ಒಟ್ಟಿಗೆ ನಲ್ಲಿ ತಿರುಗಿಸಿದ ದಿನ ರ‍್ಯಾಮ್ ಬತ್ತಿ, ಹಾರ್ಡ್‌ಡಿಸ್ಕಿನ ಸ್ವಾಪ್‌ಗೆ ಕೈಹಾಕಬೇಕಾಗುತ್ತದೆ; ಆಮೇಲೆ ಮೌಸ್ ಕೂಡ ಅಲುಗುವುದಿಲ್ಲ. ಕೊನೆಗೆ ಲಿನಕ್ಸ್ ತಾನೇ ಒಬ್ಬ ಬಾಡಿಗೆದಾರನನ್ನು ಆರಿಸಿ, ನೋಟೀಸು ಕೊಡದೆ ಹೊರದಬ್ಬುತ್ತದೆ.

ಇಲ್ಲಿ ಯಾರಿಗಾದರೂ ಒಂದು ಅನುಮಾನ ಬರಬೇಕು. ವಿಂಡೋಸಿನ ದಾಸ್ಯ ಬೇಡವೆಂದು ಲಿನಕ್ಸ್ ಹಿಡಿದವರಲ್ಲವೇ ಭಾವ? ನಮ್ಮ ಬಳಗದಲ್ಲಿ ಉಳಿದ ಎಲ್ಲರ ಹತ್ತಿರ ಒಂದೊಂದು ವಿಂಡೋಸ್ ಇದೆ. ಮೂರು ವಿಂಡೋಸ್ ಇರುವುದು ಅವರೊಬ್ಬರ ಹತ್ತಿರವೇ. ಕೇಳಿದರೆ, "ಅದು ಒಳಗಿರೋದು ಬೇರೆ, ಹೊರಗಿರೋದು ಬೇರೆ" ಎಂದು ಗಂಭೀರವಾಗುತ್ತಾರೆ.

ಒಳಗಿರುವುದು ಕೆಲಸಕ್ಕೆ ಬರುವುದನ್ನು ನೋಡುವ ಯೋಗ ಅಪ್ಪನ ಮೂಲಕ ಒದಗಿತು. ಅಪ್ಪ ನಿವೃತ್ತ ಮೇಷ್ಟ್ರು. ಅವರ ಹಳೇ ಶಾಲೆಯ ಸ್ಮರಣ ಸಂಚಿಕೆಗೆ ಲೇಖನ ಕೊಡಬೇಕಿತ್ತು. ಪ್ರೆಸ್ಸಿನವರು ಯುನಿಕೋಡ್ ಬೇಡ, ನುಡಿಯಲ್ಲೇ ಬೇಕು ಅಂದಿದ್ದರು. ಪುಟ ಕಟ್ಟುವ ಅವರ ತಂತ್ರಾಂಶ ಹಳೆಯದು, ನುಡಿಯ ಹಳೆಯ ಅಕ್ಷರಗಳನ್ನಲ್ಲದೆ ಬೇರೆಯದನ್ನು ಅದು ಮುಟ್ಟುವುದಿಲ್ಲ. ಕನ್ನಡ ಗಣಕ ಪರಿಷತ್ತಿನ ನುಡಿಯೋ, ವಿಂಡೋಸಿಗೆಂದು ಮಾಡಿದ್ದು.

"ಮಾವ, ನುಡಿಯ ಕೀಲಿಮಣೆ ಲಿನಕ್ಸಲ್ಲೂ ಇದೆ. ಕೆಜಿಪಿ ಅಂತ. ಇಲ್ಲೇ ಹೊಡೀರಿ" ಅಂದರು ಭಾವ.

"ಕೀಲಿಮಣೆ ಇದ್ರೆ ಸಾಲದಂತಪ್ಪಾ. ಅವರಿಗೆ ನುಡಿ ಫೈಲೇ ಆಗ್ಬೇಕಂತೆ."

ಭಾವನ ಮುಖ ಅರಳಿತು. "ಹಾಗಾದ್ರೆ ಎಕ್ಸ್‌ಪಿ ಎಬ್ಬಿಸೋಣ!"

ಎಬ್ಬಿಸಿದರು. ಅಪ್ಪ ಕನ್ನಡಕ ಒರೆಸಿಕೊಂಡು ಕೂತರು. ಒಂದು ಸಾಲು ಹೊಡೆದು ಕೈ ಎತ್ತಿದರೆ ಅಕ್ಷರಗಳು ಒಂದೊಂದಾಗಿ ಆಮೇಲೆ ಬಂದವು. "ಒತ್ತಕ್ಷರ ಬರೋ ಹೊತ್ತಿಗೆ ನಂಗೆ ವಾಕ್ಯವೇ ಮರೆತುಹೋಗುತ್ತಲ್ಲಪ್ಪಾ" ಅಂದರು. ಅಷ್ಟರಲ್ಲಿ ಮೌಸಿನ ಬಾಣ ಎಕ್ಸ್‌ಪಿಯ ಕಿಟಕಿಯೊಳಗೆ ಸಿಕ್ಕಿಹಾಕಿಕೊಂಡು ಹೊರಗೆ ಬರಲೊಲ್ಲದು.

"ಬಲಗಡೆ ಕಂಟ್ರೋಲ್ ಒತ್ತಿ ಮಾವ."

"ಒತ್ತಿದೆ."

"ಅದು ಎಡಗಡೇದು."

ಹೇಗೋ ಅರ್ಧ ಪುಟ ಆಯಿತು. ಈಗ ಆ ಫೈಲನ್ನು ಒಳಗಿನ ಕಂಪ್ಯೂಟರಿನಿಂದ ಹೊರಗಿನ ಕಂಪ್ಯೂಟರಿಗೆ ತರುವುದು ಹೇಗೆ? ಎರಡಕ್ಕೂ ಸಮಾನವಾದ ಒಂದು ಫೋಲ್ಡರ್ ಬೇಕು. ಅದಕ್ಕೆ ಗೆಸ್ಟ್ ಅಡಿಷನ್ಸ್ ಅಂತ ಒಂದನ್ನು ಹಾಕಬೇಕು. "ಐದು ನಿಮಿಷ, ಮಾವ" ಎಂದು ಭಾವ ಅಪ್ಪನನ್ನು ಎಬ್ಬಿಸಿ ತಾವು ಕೂತರು. ಅಪ್ಪ ವರಾಂಡಕ್ಕೆ ಹೋಗಿ, ಫೋನಿಗೆ ಲೇಖನವನ್ನು ಬಾಯಲ್ಲೇ ಹೇಳಿ, ಅದು ಬರೆದುಕೊಂಡಿದ್ದನ್ನು ತಿದ್ದಿ, ಪ್ರೆಸ್ಸಿನ ಹುಡುಗನಿಗೆ ವಾಟ್ಸ್ಆಪ್ ಮಾಡಿದರು. ಅವನು ಒಂದು ಪರಿವರ್ತಕಕ್ಕೆ ಹಾಕಿ ಯುನಿಕೋಡನ್ನು ನುಡಿ ಮಾಡಿಕೊಂಡ. ಅಪ್ಪ ಒಳಗೆ ಬಂದು ಸಂಕೋಚದಿಂದ ವಿಷಯ ತಿಳಿಸಿದಾಗ ಭಾವ ಒಂದಿಷ್ಟೂ ಬೇಜಾರು ಮಾಡಿಕೊಳ್ಳಲಿಲ್ಲ.

"ಪರವಾಗಿಲ್ಲ ಮಾವ. ಸ್ನ್ಯಾಪ್‌ಶಾಟ್ ತೆಗೆದಿಟ್ಟಿದೀನಿ. ಮುಂದಿನ ಸಲ ಇಲ್ಲಿಂದ್ಲೇ ಮುಂದುವರಿಸ್ಬಹುದು."

ಭಾವನಿಗೆ ಬೇಕಾದದ್ದು ನುಡಿಯಲ್ಲ, ವಿಂಡೋಸಲ್ಲ, ನಿಜ ಹೇಳಬೇಕೆಂದರೆ ಲಿನಕ್ಸೂ ಅಲ್ಲ. ಓಡಬಾರದ್ದು ಓಡಬೇಕು, ಅಷ್ಟೆ. ಓಡಿದ ಮೇಲೆ ಅದರಿಂದ ಏನು ಮಾಡುವುದು ಎಂಬುದು ಉಳಿದವರ ತಲೆನೋವು.

ಇಂಥವರನ್ನು ಕಂಡು ನಗುವುದು ಸುಲಭ. ಆದರೆ ಅಕ್ಕನ ಪರಿಚಯದ ಪಾತ್ರೆ ಅಂಗಡಿಯವರು ನಗುವುದಿಲ್ಲ. ಅವರ ಅಂಗಡಿಯ ಲೆಕ್ಕವೆಲ್ಲ ಒಂದು ಹಳೇ ಎಕ್ಸ್‌ಪಿ ಕಂಪ್ಯೂಟರಿನಲ್ಲಿತ್ತು. ಒಂದು ದಿನ ಮದರ್‌ಬೋರ್ಡ್ ಸುಟ್ಟಿತು. ಲೆಕ್ಕದ ತಂತ್ರಾಂಶ ಬರೆದುಕೊಟ್ಟವನು ಊರಲ್ಲಿಲ್ಲ, ಸಿಡಿಯೂ ಇಲ್ಲ. ರಿಪೇರಿಯವರು ಹೊಸ ಕಂಪ್ಯೂಟರ್ ತಗೊಳ್ಳಿ ಅಂದರು. ಭಾವ ಹಾರ್ಡ್‌ಡಿಸ್ಕ್ ಬಿಚ್ಚಿ ತಂದು, ಅಷ್ಟನ್ನೂ ಯಥಾವತ್ತಾಗಿ ಒಂದು ಫೈಲಾಗಿ ನಕಲು ಮಾಡಿ, ವಿಎಂ ಒಳಗೆ ಕೂರಿಸಿದರು. ನೀಲಿ ಪರದೆ ಬಂತು. ಕೊನೆಯಲ್ಲಿ 7ಬಿ ಎಂಬ ಸಂಕೇತ. ತಾನಿದ್ದ ಬೋರ್ಡು ಬದಲಾಗಿದೆ, ಡಿಸ್ಕನ್ನು ಹೇಗೆ ಓದಲಿ ಎಂದು ಎಕ್ಸ್‌ಪಿ ಕೈಚೆಲ್ಲಿದಾಗ ಬರುವ ಸಂಕೇತ ಅದು. ಅದರ ರಿಜಿಸ್ಟ್ರಿಗೆ ಹೊಸ ಡಿಸ್ಕ್ ಕಂಟ್ರೋಲರಿನ ಪರಿಚಯ ಬರೆದು ಭಾವ ಎದ್ದಾಗ ಬೆಳಗಿನ ಹಾಲು ಬಂದಿತ್ತು. ಸುಟ್ಟ ಕಂಪ್ಯೂಟರು ಲ್ಯಾಪ್‌ಟಾಪಿನ ಪರದೆಯ ಮೇಲೆ, ಅಂಗಡಿಯವರ ಮೊಮ್ಮಗನ ಫೋಟೋ ಸಮೇತ ಎದ್ದು ಕೂತಿತು. ನಿಧಾನವಾಗಿ ಓಡಿತು, ಆದರೆ ಬಾಕಿ ಕೊಡಬೇಕಾದವರ ಪಟ್ಟಿ ಪೂರ್ತಿ ಸಿಕ್ಕಿತು. ಅಂಗಡಿಯವರು ಕೊಟ್ಟ ಐದು ಲೀಟರಿನ ಕುಕ್ಕರಿನಲ್ಲೇ ಅಕ್ಕ ಈಗ ಹೊತ್ತು ಅಳೆಯುವುದು.

ಹೀಗೆ ಸುಖವಾಗಿದ್ದ ಭಾವನಿಗೆ ಮಗಳಿಂದ ಕಷ್ಟ ಬಂತು. ಕೆಲಸಕ್ಕೆ ಸೇರಿದವಳು ಅಪ್ಪನಿಗೆ ಒಂದು ಹೊಚ್ಚಹೊಸ ಲ್ಯಾಪ್‌ಟಾಪ್ ತಂದುಕೊಟ್ಟಳು. 32 ಜಿಬಿ ರ‍್ಯಾಮ್. ವಿಎಂಎಕ್ಸ್ ಎಣಿಸಿದರೆ ಸೊನ್ನೆಯ ಬದಲು ಪುಟ ತುಂಬ ಸಿಕ್ಕಿತು. ಕೆವಿಎಂ ಕೇಳಿದ ತಕ್ಷಣ ಓಡಿತು. ಎಕ್ಸ್‌ಪಿ ಶುರುವಾಗುವುದನ್ನು ನೋಡಲೆಂದು ಭಾವ ಕುರ್ಚಿ ಎಳೆದುಕೊಳ್ಳುವಷ್ಟರಲ್ಲಿ ಶುರುವಾಗಿ ಕಾಯುತ್ತಿತ್ತು. ವೈಫೈ ಬಂತು. ಮುಚ್ಚಳ ಮುಚ್ಚಿದರೆ ಮಲಗಿತು, ತೆರೆದರೆ ಎದ್ದಿತು. ಕೊನೆಗೆ ವಿಎಂ ಒಳಗೆ ಇನ್ನೊಂದು ವಿಎಂ ಇಟ್ಟು ನೋಡಿದರು. "ಅದೂ ಓಡ್ತು" ಅಂದರು ನನ್ನೊಡನೆ, ಯಾರೋ ಹೋದರು ಅನ್ನುವ ದನಿಯಲ್ಲಿ.

ಅಕ್ಕ ಫೋನ್ ಮಾಡತೊಡಗಿದಳು. "ಯಾಕೋ ಇವರು ಮೊದ್ಲಿನ ಹಾಗಿಲ್ಲ ಕಣೋ. ಕರೆದ ತಕ್ಷಣ ಊಟಕ್ಕೆ ಬರ್ತಾರೆ. ಮೊನ್ನೆ ನನ್ನ ಜೊತೆ ಕೂತು ಸೀರಿಯಲ್ ನೋಡಿದ್ರು. ನಂಗೆ ಭಯ ಆಗುತ್ತೆ."

ಒಂದು ರಾತ್ರಿ ಹನ್ನೊಂದರ ಮೇಲೆ ಭಾವನದೇ ಫೋನ್. ದನಿಯಲ್ಲಿ ಎಷ್ಟೋ ದಿನದಿಂದ ಕೇಳದಿದ್ದ ಹುರುಪು.

"ಇದರಲ್ಲಿ ಎರಡು ಗ್ರಾಫಿಕ್ಸ್ ಚಿಪ್ ಇದೆ ಕಣೋ. ಒಂದನ್ನ ಪೂರ್ತಿ ವಿಎಂಗೇ ಬಿಟ್ಟುಕೊಡೋಣ ಅಂತ ಹೊರಟೆ. ಆದ್ರೆ ಅದರ ವೈರು ಸೀದಾ ಪರದೆಗೆ ಹೋಗೇ ಇಲ್ಲ, ಎಲ್ಲ ಇನ್ನೊಂದು ಚಿಪ್ಪಿನ ಮೂಲಕಾನೇ ಹೋಗ್ಬೇಕು. ಅದನ್ನ ಬದಲಾಯಿಸೋಣ ಅಂದ್ರೆ ಬಯೋಸಲ್ಲಿ ಆಪ್ಷನ್ನೇ ಕೊಟ್ಟಿಲ್ಲ. ಸಪೋರ್ಟೇ ಇಲ್ಲ ಕಣೋ!"

"ಬನ್ರೀ, ಅನ್ನ ಆರ್ತಾ ಇದೆ" ಎಂದು ಹಿಂದಿನಿಂದ ಅಕ್ಕನ ಕೂಗು.

"ಐದು ನಿಮಿಷ ಕಣೇ" ಎಂದು ಭಾವ ಫೋನನ್ನು ಅವಳ ಕೈಗೆ ಕೊಟ್ಟು ಹೋಗಿಬಿಟ್ಟರು.

"ಸದ್ಯ, ಸರಿಹೋದ್ರು ಕಣೋ" ಅಂದಳು ಅಕ್ಕ. "ಅನ್ನ ಮುಚ್ಚಿಟ್ಟು ನಾನು ಮಲಗ್ತೀನಿ."