ಸಂಕೋಚಕ್ಕೆ ಆರು ತಿಂಗಳ ಗಡುವು

ಇಂಗ್ಲೆಂಡಿನಲ್ಲಿ ಹುದ್ದೆಯೇ ರದ್ದಾಗಿ ಕೆಲಸ ಹೋದರೆ ಬರಿಗೈಯಲ್ಲಿ ಮನೆಗೆ ಹೋಗಬೇಕಿಲ್ಲ. ಎರಡು ವರ್ಷ ದುಡಿದಿದ್ದರೆ ಮಾಲೀಕ ರಿಡಂಡೆನ್ಸಿ ಪರಿಹಾರ ಕೊಡಲೇಬೇಕು. 22 ತುಂಬಿದ ಮೇಲೆ ದುಡಿದ ವರ್ಷಕ್ಕೊಂದು ವಾರದ ಸಂಬಳ, 41 ತುಂಬಿದ ಮೇಲೆ ಒಂದೂವರೆ ವಾರದ್ದು. "ನಿಮ್ಮ ವಯಸ್ಸಿಗೆ ಬೆಲೆ ಕೊಟ್ಟವರು ಈ ಕಾನೂನು ಮಾಡಿದವರೊಬ್ಬರೇ" ಎಂದಳು ನನ್ನಾಕೆ, ನನ್ನ ಕೆಲಸ ಹೋದಾಗ.

ಕೊಡಲೇಬೇಕು ಎಂದಮೇಲೆ ಕೇಳುವುದೇಕೆ? ಮದುವೆ ಮನೆಯಲ್ಲಿ "ಬೇಡ ಬೇಡ" ಎನ್ನುತ್ತಲೇ ಎರಡನೇ ಹೋಳಿಗೆಗೆ ಎಲೆಯ ಮೇಲಿಂದ ಕೈ ತೆಗೆಯುವ ಪೈಕಿ ನಾನು. ಹಾಗಾಗಿ ಮಾಜಿ ಬಾಸ್‌ಗೆ ಕ್ರಿಸ್‌ಮಸ್ ಶುಭಾಶಯ ಕಳಿಸಿದೆ. ಹೊಸ ವರ್ಷಕ್ಕೆ ಇನ್ನೊಂದು. "ಈ ಸಲ ಚಳಿ ಜೋರು, ಗ್ಯಾಸ್ ಬಿಲ್ಲೂ ಜೋರು" ಎಂದು ಸೂಕ್ಷ್ಮವಾಗಿ ಸೇರಿಸಿದೆ. "ದಪ್ಪನೆಯ ಸ್ವೆಟರ್ ಹಾಕಿಕೊಳ್ಳಿ" ಎಂದು ಆತ ಪ್ರೀತಿಯಿಂದಲೇ ಉತ್ತರಿಸಿದ.

ಬೆಂಗಳೂರಿನಿಂದ ಮಾವನವರ ಫೋನು. ತಾಲ್ಲೂಕು ಕಚೇರಿಯಲ್ಲಿ ತಲೆ ನರೆಸಿಕೊಂಡವರು. "ಅರ್ಜಿ ಕೊಟ್ರಾ ಅಳಿಯಂದ್ರೆ? ಸ್ವೀಕೃತಿ ಇಟ್ಕೊಂಡಿದೀರಾ?"

"ಇಲ್ಲೆಲ್ಲ ಹಾಗಿಲ್ಲ ಮಾವ, ಇದು ಇಂಗ್ಲೆಂಡು" ಎಂದೆ ಗತ್ತಿನಿಂದ.

ಇಲ್ಲೂ ಹಾಗೇ ಎಂದು ತಿಳಿದದ್ದು ಉಚಿತ ಸಲಹಾ ಕೇಂದ್ರದಲ್ಲಿ. 1996ರ ಉದ್ಯೋಗ ಹಕ್ಕುಗಳ ಕಾಯ್ದೆಯ 164ನೇ ಕಲಂ ಪ್ರಕಾರ, ಕೆಲಸ ಹೋದ ಆರು ತಿಂಗಳೊಳಗೆ ಮಾಲೀಕನನ್ನು ಬರವಣಿಗೆಯಲ್ಲಿ ಕೇಳಬೇಕು, ಇಲ್ಲವೇ ಉದ್ಯೋಗ ಟ್ರಿಬ್ಯೂನಲ್‌ಗೆ ಹೋಗಬೇಕು. ಕಾಗದಕ್ಕೆ ಫಾರಂ ಬೇಡ, ವಕೀಲ ಬೇಡ. ಇವನು ದುಡ್ಡು ಕೇಳುತ್ತಿದ್ದಾನೆಂದು ಓದಿದವನಿಗೆ ತಿಳಿದರೆ ಸಾಕು. ಸಲಹೆಗಾರ್ತಿ ಕನ್ನಡಕ ಏರಿಸಿ ನನ್ನ ಮೇಲ್‌ಗಳನ್ನೆಲ್ಲ ಓದಿದರು. "ಇದರಲ್ಲಿ ಹವಾಮಾನ ಬಿಟ್ಟು ಬೇರೇನೂ ಇಲ್ಲವಲ್ಲ!"

ಆರು ತಿಂಗಳು ಆಗಲೇ ದಾಟಿತ್ತು. ಆಮೇಲಿನ ಆರು ತಿಂಗಳೊಳಗೆ ಕೇಳಿದರೂ ನ್ಯಾಯವೆಂದು ಕಂಡರೆ ಟ್ರಿಬ್ಯೂನಲ್ ಕೊಡಿಸಬಹುದು. ಆದರೆ ತಡವಾದದ್ದೇಕೆ ಎಂದು ನೋಡುತ್ತದೆ. ಏನೆಂದು ಬರೆಯಲಿ? "ಸಂಕೋಚ ಅಂತ ಬರೀರಿ" ಎಂದಳು ನನ್ನಾಕೆ, "ಮನೇಲಿ ಮಾತ್ರ ಅದು ಕಂಡಿದ್ದಿಲ್ಲ."

ಕೊನೆಗೆ ಮಾವನವರೇ ಫೋನಿನಲ್ಲಿ ಹೇಳಿ ಬರೆಸಿದರು. ಮಾಜಿ ಬಾಸ್ ಉತ್ತರಿಸಿದ: "ಗಡುವು ಮುಗಿದಿದೆ ಎನ್ನುತ್ತಾರೆ ನಮ್ಮ ವಕೀಲರು. ಚಳಿ ಕಡಿಮೆಯಾಯಿತೇ?"

ಟ್ರಿಬ್ಯೂನಲ್ ಮೆಟ್ಟಿಲು ಹತ್ತುವ ಮೊದಲು ಸಂಧಾನ ಸಂಸ್ಥೆ ಏಕಾಸ್‌ಗೆ ತಿಳಿಸಬೇಕು. ನನ್ನ ಕಾಗದ ಈಗ ಅಲ್ಲಿದೆ.

ಇಲ್ಲಿ ಕೆಲಸ ಕಳೆದುಕೊಂಡ ಕನ್ನಡ ಬಂಧುಗಳೇ, ಹಬ್ಬದ ಶುಭಾಶಯ ಆಮೇಲೆ ಕಳಿಸಿ. ಮೊದಲು ಎರಡು ಸಾಲಿನಲ್ಲಿ ದುಡ್ಡು ಕೇಳಿ, ತಾರೀಖು ಹಾಕಿ, ನಕಲು ಇಟ್ಟುಕೊಳ್ಳಿ.