ಬಯೋಸ್ ಶಾಸ್ತ್ರಕ್ಕೊಂದು ಕಿರುಭಾಷ್ಯ

ಶಾಸ್ತ್ರವೆಂದ ಮೇಲೆ ಅದನ್ನು ಓದುವ ಅಧಿಕಾರ ಯಾರಿಗೆ ಎಂಬುದನ್ನು ಮೊದಲು ಹೇಳಬೇಕು. ಕಂಪ್ಯೂಟರ್ ಆನ್ ಮಾಡಿದ ಕ್ಷಣದಿಂದ ಡಿಲೀಟ್ ಕೀಯನ್ನು ಮರಕುಟಿಗನಂತೆ ಕುಟ್ಟಿ ಬಯೋಸ್ ಪರದೆಯ ದರ್ಶನ ಪಡೆದವನೇ ಅಧಿಕಾರಿ. ಕುಟ್ಟುವುದು ತಡವಾಗಿ ವಿಂಡೋಸ್ ಸೇರಿದವನಿಗೆ ಪುನರ್ಜನ್ಮವೇ ಗತಿ, ಅರ್ಥಾತ್ ರೀಸ್ಟಾರ್ಟ್.

ವಿಷಯ: ಡಿಸ್ಕಿನೊಡನೆ ಯಂತ್ರ ಹೇಗೆ ಮಾತಾಡಬೇಕೆಂದು ವಿಧಿಸುವ 'ಸಾಟಾ ಮೋಡ್' ಎಂಬ ಒಂದೇ ಸಾಲು. ಆ ಸಾಲಿನೊಳಗೆ ಮತಗಳು ಮೂರು.

ಐಡಿಇ ಮತದವರು ಕಟ್ಟಾ ಭೇದವಾದಿಗಳು. 40 ಪಿನ್ನಿನ ಅಗಲವಾದ ರಿಬ್ಬನ್ ಕೇಬಲ್ಲಿನ ಕಾಲದಲ್ಲಿ ಒಂದು ಕೇಬಲ್ಲಿಗೆ ಎರಡು ಡ್ರೈವ್. ಒಂದು ಮಾಸ್ಟರ್, ಇನ್ನೊಂದು ಸ್ಲೇವ್. ಈ ತಾರತಮ್ಯವನ್ನು ನಿರ್ಣಯಿಸುತ್ತಿದ್ದದ್ದು ಅಕ್ಕಿಕಾಳಿಗಿಂತ ಚೂರು ದಪ್ಪನೆಯ ಜಂಪರ್. ಎರಡನ್ನೂ ಮಾಸ್ಟರ್ ಮಾಡಿದರೆ ಒಂದೂರಿಗೆ ಇಬ್ಬರು ಪಟೇಲರಾದಂತೆ. 2003ರ ಹೊತ್ತಿಗೆ ಡ್ರೈವಿಗೊಂದರಂತೆ ಸಾಟಾ ಕೇಬಲ್ ಬಂದರೂ, ಹಳೆಯ ವೇಷ ಹಾಕಿ ಕುಣಿಯುವ ಸೌಕರ್ಯವನ್ನು ಐಡಿಇ ಎಂಬ ಹೆಸರಿನಲ್ಲೇ ಉಳಿಸಿಕೊಳ್ಳಲಾಯಿತು.

ರೇಡ್ ಮತದವರು ಅಭೇದವಾದಿಗಳು. ಡಿಸ್ಕ್ ಎರಡೆಂಬುದು ಭ್ರಮೆ, ಕಾಣಬೇಕಾದದ್ದು ಒಂದೇ. 1988ರ ಬರ್ಕ್ಲಿ ಪ್ರಬಂಧ ಇದರ ಮೂಲಗ್ರಂಥ. ರೇಡ್ 1ರಲ್ಲಿ ಒಂದು ಸತ್ತರೂ ಇನ್ನೊಂದು ಮನೆ ನಡೆಸುತ್ತದೆ. ರೇಡ್ 0ಯಲ್ಲಿ ಒಂದು ಸತ್ತರೆ ಎರಡಕ್ಕೂ ಅದೇ ದಿನ ತಿಥಿ.

ಮೂರನೆಯದು ಇಂಟೆಲ್ 2004ರಲ್ಲಿ ಹೊರತಂದ ಎಎಚ್‌ಸಿಐ. ಇದರ ಹಿರಿಮೆಗೆ ದೃಷ್ಟಾಂತ ನಮ್ಮ ಬಸ್ ಕಂಡಕ್ಟರ್. ಹತ್ತಿದ ಕ್ರಮದಲ್ಲೇ ಟಿಕೆಟ್ ಕೊಡುತ್ತೇನೆಂದು ಆತ ಹಿಂಬಾಗಿಲಿಗೂ ಮುಂಬಾಗಿಲಿಗೂ ನುಗ್ಗಾಡುವುದಿಲ್ಲ. ಹಾದಿಯಲ್ಲಿ ಸಿಕ್ಕವರಿಗೆ ಹರಿದುಕೊಡುತ್ತ ಸಾಗುತ್ತಾನೆ. ಹಾಗೆಯೇ ಈ ಮತದಲ್ಲಿ ಹಾರ್ಡ್ ಡಿಸ್ಕೂ 32 ಆಜ್ಞೆಗಳವರೆಗೆ ಒಟ್ಟಿಗೆ ಕೈಗೆ ತೆಗೆದುಕೊಂಡು, ತನ್ನ ಓದುವ ಮುಳ್ಳಿಗೆ ಹತ್ತಿರವಿದ್ದುದನ್ನು ಮೊದಲು ತೀರಿಸುತ್ತದೆ.

ಇಲ್ಲಿ ಪೂರ್ವಪಕ್ಷ: "ಇಷ್ಟು ಒಳ್ಳೆಯದಾದರೆ ಈಗಲೇ ಬದಲಿಸಿಬಿಡೋಣವಲ್ಲ?"

ಉತ್ತರ: ದುಡುಕಬೇಡಿ. ವಿಂಡೋಸ್ ತನ್ನನ್ನು ಹಾಕಿದ ದಿನ ಯಾವ ಮತವಿತ್ತೋ ಅದರ ಡ್ರೈವರನ್ನು ಮಾತ್ರ ಬೆಳಗಿನ ಜಾವಕ್ಕೆ ಎಬ್ಬಿಸುತ್ತದೆ. ರಾತ್ರೋರಾತ್ರಿ ಮತ ಬದಲಿಸಿದರೆ ತನ್ನ ಮನೆಯನ್ನೇ ಗುರುತಿಸಲಾರದೆ, ನೀಲಿ ಪರದೆಯ ಮೇಲೆ '7ಬಿ' ಎಂಬ ಬೀಜಾಕ್ಷರ ಬರೆದು ಸಮಾಧಿಗೆ ಹೋಗುತ್ತದೆ. 2001ರ ಎಕ್ಸ್‌ಪಿಯಲ್ಲಂತೂ ಎಎಚ್‌ಸಿಐ ಡ್ರೈವರೇ ಇರಲಿಲ್ಲ. ಹಾಕುವಾಗ ಎಫ್6 ಒತ್ತಿ ಫ್ಲಾಪಿಯ ನೈವೇದ್ಯ ಅರ್ಪಿಸಬೇಕಿತ್ತು. ವಿಂಡೋಸ್ 10 ಉದಾರಿ: ಮೊದಲು ಸೇಫ್ ಮೋಡ್ ಗೊತ್ತುಮಾಡಿ, ರೀಸ್ಟಾರ್ಟ್ ಹೊತ್ತಿನಲ್ಲಿ ಬಯೋಸ್ ಬದಲಿಸಿ, ಒಮ್ಮೆ ಸೇಫ್ ಮೋಡಿನಲ್ಲಿ ಕಣ್ಣುಬಿಡಿಸಿದರೆ ಹೊಸ ಡ್ರೈವರ್ ತಾನೇ ಎದ್ದು ಕೂರುತ್ತದೆ. ಆಮೇಲೆ ಸೇಫ್ ಮೋಡ್ ತೆಗೆಯಿರಿ.

ಇನ್ನು ಪ್ರಳಯಾಧ್ಯಾಯ. ಯಾರೂ ಏನೂ ಮುಟ್ಟದೆ '7ಬಿ' ಬಂದರೆ ಮನೆಮಕ್ಕಳನ್ನು ಬೈಯುವ ಮೊದಲು ಗಡಿಯಾರ ನೋಡಿ. ಅದು ವರ್ಷಗಟ್ಟಲೆ ಹಿಂದಕ್ಕೆ ಹೋಗಿದ್ದರೆ ಮದರ್‌ಬೋರ್ಡಿನ ಬಿಲ್ಲೆಯಂಥ ಸಿಆರ್2032 ಸೆಲ್ ತೀರಿಕೊಂಡಿದೆ. ಹಳೆಯ ಯಂತ್ರ ಆಗ ಎಲ್ಲ ಮರೆತು ಕಾರ್ಖಾನೆಯ ಮತಕ್ಕೆ ಮರಳುತ್ತದೆ. ಸೆಲ್ ಬದಲಿಸಿ, ಮೊದಲಿದ್ದ ಮತವನ್ನೇ ಆರಿಸಿದರೆ ಸತ್ತದ್ದು ಎದ್ದು ಕೂರುತ್ತದೆ.

ಆದ್ದರಿಂದ ಸಿದ್ಧಾಂತ ಇಷ್ಟು. ಹೊಸದಾಗಿ ವಿಂಡೋಸ್ ಹಾಕುವವರು ಹಾಕುವ ಮೊದಲೇ ಎಎಚ್‌ಸಿಐ ಆರಿಸಿ. ಕಂಪನಿಯೇ ರೇಡ್‌ನಲ್ಲಿಟ್ಟು ಕಳಿಸಿದ್ದರೆ ಬಿಟ್ಟುಬಿಡಿ. ಚೆನ್ನಾಗಿ ಓಡುತ್ತಿರುವ ಯಂತ್ರ ನಿಮ್ಮದಾದರೆ, ಆ ಸಾಲಿನ ಫೋಟೊವನ್ನು ಮೊಬೈಲಿನಲ್ಲಿ ತೆಗೆದಿಟ್ಟುಕೊಂಡು, ಸೇವ್ ಮಾಡದೆ ಎಸ್ಕೇಪ್ ಒತ್ತಿ ಹೊರಬನ್ನಿ.